ನಿಮಗಿದು ಗೊತ್ತೇ? ಪಿಂಚಣಿ, ಬಡ್ಡಿ ಮತ್ತು ಏಪ್ರಿಲ್ ತಿಂಗಳ ಒಂದು ಕಾಗದ

(ಇಲ್ಲಿನ ಲೆಕ್ಕವೂ ನಮೂನೆಗಳ ಹೆಸರೂ 2025-26ರ ಹಣಕಾಸು ವರ್ಷದ್ದು.)

◆ ತಿ. ನರಸೀಪುರದ ಅಂಚೆ ಕಚೇರಿಯಲ್ಲಿ ಹಿರಿಯರೊಬ್ಬರು ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ 12 ಲಕ್ಷ ರೂಪಾಯಿ ಹಾಕಿದರು ಅಂದುಕೊಳ್ಳಿ. ಶೇ 8.2ರಂತೆ ವರ್ಷದ ಬಡ್ಡಿ 98,400. ತೆರಿಗೆ ಕಡಿತ ಸೊನ್ನೆ. ಅವರ ಹಿಂದೆ ನಿಂತಿದ್ದ ಇನ್ನೊಬ್ಬ ಹಿರಿಯರು 12 ಲಕ್ಷದ 20 ಸಾವಿರ ಹಾಕಿದರು. ಬಡ್ಡಿ 1,00,040. ಇವರಿಗೆ ಕಡಿತ 10,004 ರೂಪಾಯಿ! ಇಪ್ಪತ್ತು ಸಾವಿರ ಹೆಚ್ಚಿಗೆ ಇಟ್ಟದ್ದಕ್ಕೆ ಸಿಕ್ಕ ಹೆಚ್ಚಿನ ಬಡ್ಡಿ 1,640 ಮಾತ್ರ.

◆ ಯಾಕೆ ಹೀಗೆ? ವರ್ಷದ ಬಡ್ಡಿ 1 ಲಕ್ಷ ದಾಟಿದರೆ, ದಾಟಿದ ನಲವತ್ತು ರೂಪಾಯಿಗೆ ಮಾತ್ರ ಕತ್ತರಿ ಬೀಳುವುದಿಲ್ಲ. ಇಡೀ ಬಡ್ಡಿಗೆ ಶೇ 10. ಅರವತ್ತು ತುಂಬಿದವರಿಗೆ ಈ ಗಡಿ ಮೊದಲು 50,000 ಇತ್ತು. 2025ರ ಏಪ್ರಿಲ್ 1ರಿಂದ 1 ಲಕ್ಷ ಆಗಿದೆ. ಅರವತ್ತರ ಒಳಗಿನವರಿಗೆ 40,000 ಇದ್ದದ್ದು 50,000 ಆಗಿದೆ.

◆ ಆ 10,004 ರೂಪಾಯಿ ತೆರಿಗೆಯಲ್ಲ. ‘ನಿಮಗೆ ತೆರಿಗೆ ಬೀಳಬಹುದು’ ಎಂಬ ಊಹೆಯ ಮೇಲೆ ಮೊದಲೇ ಹಿಡಿದಿಟ್ಟ ಹಣ. ಟಿಡಿಎಸ್ ಎಂದರೆ ಅಷ್ಟೇ. ನಿಜವಾಗಿ ತೆರಿಗೆ ಬೀಳುತ್ತದೋ ಇಲ್ಲವೋ ಎಂಬುದು ವರ್ಷದ ಒಟ್ಟು ಆದಾಯ ನೋಡಿ ತೀರ್ಮಾನವಾಗುತ್ತದೆ. ನಂಜನಗೂಡು, ನರಸೀಪುರದ ಸಣ್ಣ ಪಿಂಚಣಿದಾರರಲ್ಲಿ ಬಹುಪಾಲು ಜನರಿಗೆ ಬೀಳುವ ತೆರಿಗೆ ಸೊನ್ನೆ. ಆದರೂ ಹಣ ಹೋಗುತ್ತದೆ. ಹೋದದ್ದನ್ನು ವಾಪಸ್ ತರಿಸಲು ಸೈಬರ್ ಸೆಂಟರಿಗೆ ಬೇರೆ ದುಡ್ಡು.

◆ ಈ ಕಡಿತ ತಡೆಯುವ ಕಾಗದದ ಹೆಸರು 15ಎಚ್. ಅರವತ್ತು ತುಂಬದವರಿಗೆ 15ಜಿ. ‘ನನ್ನ ಒಟ್ಟು ಆದಾಯಕ್ಕೆ ತೆರಿಗೆ ಬೀಳುವುದಿಲ್ಲ, ಬಡ್ಡಿಯಲ್ಲಿ ಹಿಡಿಯಬೇಡಿ’ ಎಂಬ ಘೋಷಣೆ ಅದು. ಶುಲ್ಕವಿಲ್ಲ, ಛಾಪಾ ಕಾಗದ ಬೇಡ, ನೋಟರಿ ಬೇಡ.

◆ ತಿರುಮಕೂಡಲಿನ ಕುಂಭಮೇಳ ಮೂರು ವರ್ಷಕ್ಕೊಮ್ಮೆ ಬರುತ್ತದೆ. 15ಎಚ್ ಹಾಗಲ್ಲ, ವರ್ಷ ವರ್ಷವೂ ಕೊಡಬೇಕು. ಕೌಂಟರಿನಲ್ಲಿ ಪದೇ ಪದೇ ಕೇಳಿಬರುವ ಮಾತು ಇದು:

‘ಏನ್ ಮೇಡಂ, ಈ ಸಲ ಬಡ್ಡಿ ಮೂರು ಸಾವ್ರ ಕಮ್ಮಿ ಬಂದದಲ್ಲ?’

‘15ಎಚ್ ಕೊಟ್ಟಿದ್ರಾ ಮೇಷ್ಟ್ರೇ?’

‘ಹೋದ್ ವರ್ಷ ಕೊಟ್ಟಿದ್ನಲ್ಲಮ್ಮ!’

ಹೋದ ವರ್ಷದ್ದು ಮಾರ್ಚ್ 31ಕ್ಕೆ ಮುಗಿಯಿತು. ಏಪ್ರಿಲ್ ಮೊದಲ ವಾರದಲ್ಲೇ ಹೊಸದು ಕೊಟ್ಟರೆ ಕ್ಷೇಮ. ನವೆಂಬರಿನಲ್ಲಿ ಜೀವಂತ ಪ್ರಮಾಣಪತ್ರ ಕೊಡಲು ಹೋದಾಗ ನೆನಪಾಯಿತು ಅಂದರೆ ಅಷ್ಟರಲ್ಲಿ ಎರಡು ಕಂತಿನ ಬಡ್ಡಿಗೆ ಕತ್ತರಿ ಬಿದ್ದಿರುತ್ತದೆ.

◆ ಹಿಡಿದ ಹಣವನ್ನು ಬ್ಯಾಂಕಿನವರು ಸಾಮಾನ್ಯವಾಗಿ ಮುಂದಿನ ತಿಂಗಳ 7ರೊಳಗೆ ಸರ್ಕಾರಕ್ಕೆ ಕಟ್ಟಬೇಕು. ಆಮೇಲೆ ಮ್ಯಾನೇಜರ್ ಹತ್ತಿರ ಎಷ್ಟು ಬೇಡಿಕೊಂಡರೂ ಅವರ ಕೈಯಲ್ಲಿ ಏನೂ ಇರುವುದಿಲ್ಲ. ವಾಪಸ್ ಬರುವ ದಾರಿ ಒಂದೇ, ರಿಟರ್ನ್ ಸಲ್ಲಿಸಿ ರಿಫಂಡ್ ಕೇಳುವುದು.

◆ ಮೂರು ಕಡೆ ಠೇವಣಿ ಇದ್ದರೆ ಮೂರು ಕಡೆಯೂ 15ಎಚ್ ಕೊಡಬೇಕು. ಕೊಟ್ಟಾಗ ಸೀಲು ಹಾಕಿದ ಸ್ವೀಕೃತಿ ಕೇಳಿ ಪಡೆಯಿರಿ. ‘ಕೊಟ್ಟಿದ್ದೆ’ ಎನ್ನುವ ಬಾಯಿಮಾತಿಗೆ ಆಮೇಲೆ ಬೆಲೆಯಿಲ್ಲ.

◆ ಗಡಿಯನ್ನು ಬ್ಯಾಂಕಿಗೆ ಒಂದು ಎಂದು ಎಣಿಸುತ್ತಾರೆ, ಶಾಖೆಗೆ ಒಂದು ಅಂತಲ್ಲ. ನಂಜನಗೂಡಿನ ಶಾಖೆಯಲ್ಲಿ ಅರ್ಧ, ಮೈಸೂರಿನ ಶಾಖೆಯಲ್ಲಿ ಅರ್ಧ ಇಟ್ಟು ತಪ್ಪಿಸಿಕೊಳ್ಳುವ ಜಾಣತನ 2015ರಿಂದ ನಡೆಯುತ್ತಿಲ್ಲ. ಆರ್‌ಡಿ ಬಡ್ಡಿಯೂ ಅದೇ ವರ್ಷದಿಂದ ಲೆಕ್ಕಕ್ಕೆ ಸೇರಿತು.

◆ ಬ್ಯಾಂಕುಗಳು ಒಂದಾದಾಗ ನಿಮ್ಮ ಗಡಿಗಳೂ ಒಂದಾದವು. ಇದನ್ನು ಗಮನಿಸದೆ ಹಣ ಕಳೆದುಕೊಂಡವರು ನಮ್ಮ ಕಡೆ ಬಹಳ. ಯಾಕೆಂದರೆ ಇಷ್ಟೊಂದು ಬ್ಯಾಂಕು ಹುಟ್ಟಿಸಿ, ಇಷ್ಟೊಂದನ್ನು ಕಳೆದುಕೊಂಡ ರಾಜ್ಯ ಇನ್ನೊಂದಿರಲಾರದು. ವಿಶ್ವೇಶ್ವರಯ್ಯನವರ ಕಾಲದಲ್ಲಿ, 1913ರಲ್ಲಿ, ಬ್ಯಾಂಕ್ ಆಫ್ ಮೈಸೂರು ಆಗಿ ಶುರುವಾದ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ರಂದು ಎಸ್‌ಬಿಐಗೆ ಸೇರಿತು. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾ ಪಾಲಾಯಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾಕ್ಕೂ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೂ ಹೋದವು. ಮೈಸೂರಿನಲ್ಲಿ ಕೇಂದ್ರ ಕಚೇರಿ ಇದ್ದ ಕಾವೇರಿ ಗ್ರಾಮೀಣ ಬ್ಯಾಂಕ್ 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕಿನೊಳಗೆ ಕರಗಿತು. 2025ರ ಮೇ 1ರಿಂದ ಇಡೀ ರಾಜ್ಯಕ್ಕೆ ಒಂದೇ ಗ್ರಾಮೀಣ ಬ್ಯಾಂಕ್.

ಲೆಕ್ಕ ನೋಡಿ. ಪಿಂಚಣಿದಾರರೊಬ್ಬರ ಠೇವಣಿ ಅರ್ಧ ಕೆನರಾದಲ್ಲಿ, ಅರ್ಧ ಸಿಂಡಿಕೇಟ್‌ನಲ್ಲಿ. ಎರಡು ಕಡೆಯೂ 40,000 ಬಡ್ಡಿ. ಆಗಿನ ಗಡಿ 50,000, ಹಾಗಾಗಿ ಎರಡು ಕಡೆಯೂ ಕಡಿತವಿಲ್ಲ. 2020ರ ಏಪ್ರಿಲ್ ಬಂತು. ಅದೇ ಠೇವಣಿ, ಅದೇ ಬಡ್ಡಿ, ಆದರೆ ಬ್ಯಾಂಕು ಒಂದು. ಇಡೀ 80,000ಕ್ಕೆ ಕಡಿತ ಮಾಡಲು ನಿಯಮದಲ್ಲಿ ಜಾಗವಾಯಿತು. ಗೋಡೆಯ ಮೇಲಿನ ಬೋರ್ಡು ಬದಲಾದದ್ದು ಎಲ್ಲರಿಗೂ ಕಂಡಿತು, ಇದು ಕಾಣಲಿಲ್ಲ.

◆ ಹಳ್ಳಿಯ ಕೃಷಿ ಪತ್ತಿನ ಸಹಕಾರ ಸಂಘದಲ್ಲಿಟ್ಟ ಠೇವಣಿಯ ಬಡ್ಡಿಗೆ ಟಿಡಿಎಸ್ ಇಲ್ಲ. ಡಿಸಿಸಿ ಬ್ಯಾಂಕಿನಲ್ಲಿಟ್ಟರೆ ಉಂಟು, ಅದು ಸಹಕಾರಿ ಬ್ಯಾಂಕ್. ಆದರೆ ಕಡಿತವಿಲ್ಲ ಅಂದಮಾತ್ರಕ್ಕೆ ಆ ಬಡ್ಡಿ ಆದಾಯವಲ್ಲ ಅಂತಲ್ಲ. ಒಟ್ಟು ಲೆಕ್ಕದಲ್ಲಿ ತೋರಿಸಲೇಬೇಕು. ಉಳಿತಾಯ ಖಾತೆಯ ಬಡ್ಡಿಯದೂ ಇದೇ ಕಥೆ.

◆ ಇಡುಗಂಟಿನ ಭದ್ರತೆಯೂ ನೆನಪಿರಲಿ. ಬ್ಯಾಂಕು ಮುಳುಗಿದರೆ ಠೇವಣಿ ವಿಮೆಯಿಂದ ಸಿಗುವುದು ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಗರಿಷ್ಠ 5 ಲಕ್ಷ, ಅಸಲು ಬಡ್ಡಿ ಎರಡೂ ಸೇರಿ. ಟಿಡಿಎಸ್ ತಪ್ಪಿಸಲು ಠೇವಣಿ ಹಂಚುವುದಕ್ಕಿಂತ ಇದಕ್ಕಾಗಿ ಹಂಚುವುದರಲ್ಲಿ ಹೆಚ್ಚು ಅರ್ಥವಿದೆ.

◆ ಹಾಗಾದರೆ ತೆರಿಗೆ ಬೀಳುವುದು ಎಷ್ಟರ ಮೇಲೆ? ಹೊಸ ತೆರಿಗೆ ಪದ್ಧತಿಯಲ್ಲಿ ಮೊದಲ 4 ಲಕ್ಷಕ್ಕೆ ತೆರಿಗೆಯೇ ಇಲ್ಲ. 4ರಿಂದ 12 ಲಕ್ಷದವರೆಗೆ ತೆರಿಗೆ ಲೆಕ್ಕ ಹಾಕುತ್ತಾರೆ, ಆದರೆ ಒಟ್ಟು ಆದಾಯ 12 ಲಕ್ಷ ಮೀರದಿದ್ದರೆ 60,000ದವರೆಗಿನ ಆ ಪೂರ್ತಿ ತೆರಿಗೆಯನ್ನು ರಿಬೇಟ್ ಎಂದು ಮನ್ನಾ ಮಾಡುತ್ತಾರೆ. ಹಳೇ ಪದ್ಧತಿಯಲ್ಲಿ ಈ ಮನ್ನಾ 5 ಲಕ್ಷಕ್ಕೇ ನಿಲ್ಲುತ್ತದೆ.

◆ ಪಿಂಚಣಿ ಕಾನೂನಿನ ಕಣ್ಣಲ್ಲಿ ‘ಸಂಬಳ’. ಹಾಗಾಗಿ ಸಂಬಳದವರಿಗಿರುವ ಸ್ಟ್ಯಾಂಡರ್ಡ್ ಡಿಡಕ್ಷನ್ ಪಿಂಚಣಿದಾರರಿಗೂ ಉಂಟು. ಹೊಸ ಪದ್ಧತಿಯಲ್ಲಿ 75,000, ಹಳೆಯದರಲ್ಲಿ 50,000. ರಸೀದಿ ಏನೂ ಬೇಡ, ಕಣ್ಣುಮುಚ್ಚಿ ಕಳೆಯುವುದೇ.

◆ ರಾಜ್ಯ ಸರ್ಕಾರದ ಕನಿಷ್ಠ ಪಿಂಚಣಿ ಏಳನೇ ವೇತನ ಆಯೋಗದ ನಂತರ, 2024ರ ಆಗಸ್ಟ್ 1ರಿಂದ, ತಿಂಗಳಿಗೆ 13,500. ವರ್ಷಕ್ಕೆ 1,62,000. ಅದರಲ್ಲಿ 75,000 ಕಳೆದರೆ 87,000. ನಾಲ್ಕು ಲಕ್ಷ ಮುಟ್ಟಲು ಇನ್ನೂ 3,13,000 ಬಡ್ಡಿ ಬರಬೇಕು. ಅಷ್ಟು ಬಡ್ಡಿ ಬರುವ ಇಡುಗಂಟು ನಮ್ಮ ಎಷ್ಟು ಜನ ಜವಾನರ, ಅಡುಗೆಯವರ ಹತ್ತಿರ ಇದೆ?

◆ ಕಾರ್ಮಿಕರ ಇಪಿಎಸ್-95 ಪಿಂಚಣಿಯೂ ಸಂಬಳದ ಲೆಕ್ಕವೇ. ತಿ. ನರಸೀಪುರದ ರೇಷ್ಮೆ ನೂಲು ತೆಗೆಯುವ ಕೆಎಸ್‌ಐಸಿ ಕಾರ್ಖಾನೆಯಲ್ಲಿ, ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಆಯಸ್ಸು ಸವೆಸಿದವರಿಗೆ ಇದು ಗೊತ್ತಿರಬೇಕು. ತಿಂಗಳಿಗೆ 7,500 ಬಂದರೂ ವರ್ಷಕ್ಕೆ 90,000. ಅದರಲ್ಲಿ 75,000 ಕಳೆದ ಮೇಲೆ ಲೆಕ್ಕಕ್ಕೆ ಉಳಿಯುವುದು 15,000. ಕನಿಷ್ಠ ಪಿಂಚಣಿಯಂತೂ 2014ರ ಸೆಪ್ಟೆಂಬರಿನಿಂದ 1,000 ರೂಪಾಯಿ ಅಂತ ನಿಗದಿಯಾಗಿದೆ. ಅದರ ಮೇಲೆ ತೆರಿಗೆಯ ಮಾತಾಡುವುದೇ ನಾಚಿಕೆ.

◆ ಪಿಎಫ್ ಹಣ ತೆಗೆಯದೆ ಹಾಗೇ ಬಿಟ್ಟರೆ? ಐದು ವರ್ಷಕ್ಕೂ ಹೆಚ್ಚು ಸೇವೆ ಮಾಡಿದವರ ಪಿಎಫ್ ಹಣಕ್ಕೆ ತೆರಿಗೆಯಿಲ್ಲ. ಆದರೆ ನಿವೃತ್ತಿಯ ನಂತರ ಆ ಖಾತೆಯಲ್ಲಿ ಬೆಳೆಯುವ ಬಡ್ಡಿಗೆ ತೆರಿಗೆ ಉಂಟು ಎಂದು ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಬೆಂಗಳೂರು ಪೀಠ 2017ರಲ್ಲಿ ಹೇಳಿತು. ‘ಪಿಎಫ್‌ನಲ್ಲೇ ಇರಲಿ, ಅದಕ್ಕೆ ತೆರಿಗೆ ಇಲ್ಲ’ ಎಂಬ ಸಲಹೆ ಅರ್ಧ ಸತ್ಯ.

◆ ಕುಟುಂಬ ಪಿಂಚಣಿ ಸಂಬಳವಲ್ಲ! ಮೇಷ್ಟ್ರು ತೀರಿಕೊಂಡ ಮೇಲೆ ಅವರ ಹೆಂಡತಿಗೆ ಬರುವ ಹಣ ‘ಇತರ ಮೂಲಗಳ ಆದಾಯ’. ಅದಕ್ಕೆ 75,000 ಕಳೆಯುವಂತಿಲ್ಲ. ಮೂರನೇ ಒಂದು ಭಾಗ ಅಥವಾ 25,000, ಎರಡರಲ್ಲಿ ಕಡಿಮೆಯಾದದ್ದನ್ನು ಕಳೆಯಬಹುದು. ಹಳೇ ಪದ್ಧತಿಯಲ್ಲಿ ಆ 25,000 ಬರೀ 15,000. ಗಂಡ ಬದುಕಿದ್ದಾಗ ರಿಯಾಯಿತಿ ಹೆಚ್ಚು, ಒಂಟಿಯಾದ ಮೇಲೆ ಕಡಿಮೆ. ಇದರ ತರ್ಕ ಏನೆಂದು ಕೇಳಿದರೆ ಯಾವ ಆಡಿಟರೂ ಸರಿಯಾಗಿ ಉತ್ತರ ಕೊಡುವುದಿಲ್ಲ.

ಆದರೂ ಭಯ ಬೇಡ. ತಿಂಗಳಿಗೆ 20,000ದಂತೆ ವರ್ಷಕ್ಕೆ 2,40,000. 25,000 ಕಳೆದರೆ 2,15,000. ಜೊತೆಗೆ ಬ್ಯಾಂಕಿನ ಬಡ್ಡಿ ಒಂದೂವರೆ ಲಕ್ಷ ಸೇರಿದರೂ 3,65,000. ತೆರಿಗೆ ಸೊನ್ನೆ. 15ಎಚ್ ಕೊಡದಿದ್ದರೆ ಮಾತ್ರ ಅದೇ ಅಜ್ಜಿಯ ಪಾಸ್‌ಬುಕ್ಕಿನಲ್ಲಿ ಕಂತು ಕಂತಾಗಿ ಒಟ್ಟು 15,000 ಹೋಗಿರುತ್ತದೆ. ಪಾಸ್‌ಬುಕ್ ಎಂಟ್ರಿ ಹಾಕಿಸಿದಾಗ ‘ಟಿಡಿಎಸ್’ ಎಂಬ ಮೂರಕ್ಷರ ಎಲ್ಲಾದರೂ ಇದೆಯೇ ಎಂದು ಮೊಮ್ಮಕ್ಕಳು ಒಮ್ಮೆ ಬೆರಳಿಟ್ಟು ನೋಡಲಿ.

◆ ಕುಟುಂಬ ಪಿಂಚಣಿಯಲ್ಲಿ ಟಿಡಿಎಸ್ ಹಿಡಿಯುವಂತಿಲ್ಲ. ಸ್ವಂತ ಪಿಂಚಣಿಯಲ್ಲಿ ಹಿಡಿಯಬಹುದು. ಅದನ್ನು 15ಎಚ್ ತಡೆಯುವುದಿಲ್ಲ. 15ಎಚ್ ಬಡ್ಡಿಯಂಥ ಆದಾಯಕ್ಕೆ ಮಾತ್ರ. ಪಿಂಚಣಿ ಕೊಡುವ ಬ್ಯಾಂಕಿಗೆ ಹಳೆಯದು ಬೇಕೋ ಹೊಸದು ಬೇಕೋ ಎಂದು ಬೇರೆಯಾಗಿಯೇ ತಿಳಿಸಬೇಕು. ಏನೂ ಹೇಳದಿದ್ದರೆ ಹೊಸ ಪದ್ಧತಿ ಎಂದೇ ಲೆಕ್ಕ.

◆ ಅರವತ್ತು ತುಂಬಿದವರ 15ಎಚ್‌ಗೆ ಒಂದೇ ಷರತ್ತು: ರಿಬೇಟ್ ಕಳೆದ ಮೇಲೆ ತೆರಿಗೆ ಸೊನ್ನೆ ಇರಬೇಕು. ರಿಬೇಟ್ ಲೆಕ್ಕ ಹಾಕಿಕೊಳ್ಳಬಹುದೆಂದು 2019ರ ಮೇ ತಿಂಗಳಲ್ಲೇ ಸ್ಪಷ್ಟವಾಗಿದೆ. 15ಜಿಗೆ ಎರಡು ಷರತ್ತು. ತೆರಿಗೆ ಸೊನ್ನೆ ಇರಬೇಕು, ಜೊತೆಗೆ ಬಡ್ಡಿಯ ಮೊತ್ತವೂ ಮೂಲ ವಿನಾಯಿತಿಯ ಗಡಿ (ಹೊಸ ಪದ್ಧತಿಯಲ್ಲಿ 4 ಲಕ್ಷ) ದಾಟಿರಬಾರದು.

◆ ಸುಳ್ಳು 15ಎಚ್ ಕೊಟ್ಟರೆ ಜೈಲು ಶಿಕ್ಷೆಗೂ ಕಾನೂನಿನಲ್ಲಿ ಅವಕಾಶವಿದೆ. ತೆರಿಗೆ ಬೀಳುವವರು ಇದನ್ನು ಮುಟ್ಟಬಾರದು.

◆ ವಿದೇಶದಲ್ಲಿ ನೆಲೆಸಿ ಅನಿವಾಸಿಯಾದ ಮಗ, ಮಗಳು ಊರಿನ ಎಫ್‌ಡಿಗೆ 15ಜಿ, 15ಎಚ್ ಕೊಡುವಂತಿಲ್ಲ.

◆ ಪ್ಯಾನ್ ಕೊಡದಿದ್ದರೆ ಕಡಿತ ಶೇ 10 ಅಲ್ಲ, ಶೇ 20. 15ಎಚ್ ಕೂಡ ಪ್ಯಾನ್ ಇಲ್ಲದೆ ಊರ್ಜಿತವಲ್ಲ. ಆಧಾರ್ ಜೋಡಿಸದ ಪ್ಯಾನ್ 2023ರ ಜುಲೈ 1ರಿಂದ ನಿಷ್ಕ್ರಿಯ. ಅದು ಇದ್ದೂ ಇಲ್ಲದಂತೆ.

◆ ಎಂಬತ್ತು ತುಂಬಿದವರಿಗೆ ಆ ಜೋಡಣೆಯೇ ಕಡ್ಡಾಯವಲ್ಲ! 2017ರಲ್ಲೇ ಈ ವಿನಾಯಿತಿ ಸಿಕ್ಕಿದೆ. ಬೆರಳಚ್ಚು ಸವೆದುಹೋದ ಅಜ್ಜನನ್ನು ಆಟೊದಲ್ಲಿ ಕೂರಿಸಿಕೊಂಡು ಅಲೆದಾಡಿಸುವ ಮುನ್ನ ವಯಸ್ಸು ನೋಡಿ.

◆ ಜೋಡಣೆ ಆಗದಿರುವುದಕ್ಕೆ ಹೆಚ್ಚಿನ ಸಲ ಕಾರಣ ಹೆಸರಿನ ಸ್ಪೆಲ್ಲಿಂಗು. ನಂಜುಂಡಯ್ಯ, ನಂಜುಂಡಸ್ವಾಮಿ, ನಂಜಮ್ಮ, ನರಸಿಂಹಯ್ಯ. ಇಂಗ್ಲಿಷಿನಲ್ಲಿ ಇವನ್ನು ಶಾಲೆಯವರು ಒಂದು ಥರ, ಖಜಾನೆಯವರು ಒಂದು ಥರ, ಆಧಾರ್ ಸೆಂಟರಿನ ಹುಡುಗ ಮತ್ತೊಂದು ಥರ ಬರೆದಿರುತ್ತಾರೆ. ಇನಿಷಿಯಲ್ ಮುಂದೆಯೋ ಹಿಂದೆಯೋ ಎಂಬುದು ಬೇರೆ ಜಗಳ. ಪಿಂಚಣಿ ಆದೇಶ (ಪಿಪಿಒ), ಪ್ಯಾನ್, ಆಧಾರ್, ಪಾಸ್‌ಬುಕ್ ನಾಲ್ಕನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ಒಮ್ಮೆ ಹೋಲಿಸಿಕೊಳ್ಳಿ.

◆ ಹುಟ್ಟಿದ ದಿನ ಏಪ್ರಿಲ್ 1 ಅಂತಿದ್ದರೆ? ನಮ್ಮ ಹಿರಿಯರ ಹುಟ್ಟಿದ ದಿನವನ್ನು ಶಾಲೆಗೆ ಸೇರಿಸುವಾಗ ಮೇಷ್ಟ್ರೇ ಬರೆದುಕೊಂಡದ್ದಲ್ಲವೇ, ಇಂಥ ದಿನಾಂಕಗಳು ಬೇಕಾದಷ್ಟಿವೆ. ಏಪ್ರಿಲ್ 1ರಂದು ಹುಟ್ಟಿದವರಿಗೆ ಮಾರ್ಚ್ 31ಕ್ಕೇ ಅರವತ್ತು ತುಂಬಿತು ಎಂದು ಲೆಕ್ಕ, ಅಂದರೆ ಒಂದು ವರ್ಷ ಮೊದಲೇ ಹಿರಿಯ ನಾಗರಿಕರು. 2016ರಲ್ಲಿ ಕೇಂದ್ರ ನೇರ ತೆರಿಗೆ ಮಂಡಳಿಯೇ ಹೀಗೆ ಹೇಳಿದೆ.

◆ ಅಂಚೆ ಕಚೇರಿಯ ಉಳಿತಾಯ ಖಾತೆಯ ಬಡ್ಡಿಯಲ್ಲಿ 3,500 ರೂಪಾಯಿಗೆ, ಜಂಟಿ ಖಾತೆಯಾದರೆ 7,000ಕ್ಕೆ, ತೆರಿಗೆ ಇಲ್ಲ. ಹೊಸ ಪದ್ಧತಿಯಲ್ಲೂ ಇದು ಉಳಿದಿದೆ. ಶೇ 4ರ ದರದಲ್ಲಿ 87,500 ರೂಪಾಯಿ ಇಡೀ ವರ್ಷ ಇದ್ದರೆ ಸರಿಯಾಗಿ 3,500.

◆ ಹಿರಿಯರ ಬಡ್ಡಿಯಲ್ಲಿ 50,000 ಬಿಟ್ಟುಕೊಡುವ 80ಟಿಟಿಬಿ ಹಳೇ ಪದ್ಧತಿಯವರಿಗೆ ಮಾತ್ರ. ಹೊಸದರಲ್ಲಿದ್ದುಕೊಂಡು ಅದನ್ನು ಕೇಳುವಂತಿಲ್ಲ.

◆ ಪಿಂಚಣಿ, ಬಡ್ಡಿ ಬಿಟ್ಟು ವ್ಯಾಪಾರದ ಆದಾಯ ಇಲ್ಲದವರು ಪ್ರತಿ ವರ್ಷ ಹಳೆಯದು, ಹೊಸದು ಅದಲುಬದಲು ಮಾಡಿಕೊಳ್ಳಬಹುದು, ಗಡುವಿನೊಳಗೆ ರಿಟರ್ನ್ ಸಲ್ಲಿಸಿದರೆ. ಸಣ್ಣ ಪಿಂಚಣಿಗೆ ಅದರ ತಲೆನೋವು ಬೇಡವೇ ಬೇಡ, ಹೊಸದೇ ಸಾಕು.

◆ ಆದರೆ ಒಂದು ಎಚ್ಚರ. ನಂಜನಗೂಡು ಪಟ್ಟಣದೊಳಗಿನ ಸೈಟು ಮಾರಿದ ದೀರ್ಘಾವಧಿ ಲಾಭಕ್ಕೆ ಈ 12 ಲಕ್ಷದ ಮನ್ನಾ ಅನ್ವಯಿಸುವುದಿಲ್ಲ. ಸೈಟು ಮಾರಿದ ವರ್ಷ 15ಎಚ್ ಕೊಡುವ ಮುನ್ನ ಆಡಿಟರನ್ನು ಕೇಳಿ.

◆ ಭತ್ತ, ಕಬ್ಬು, ರಸಬಾಳೆಯ ಆದಾಯಕ್ಕೆ ಆದಾಯ ತೆರಿಗೆ ಇಲ್ಲ. ರೇಷ್ಮೆ ಗೂಡಿಗೆ? ಇಲ್ಲಿದೆ ನೋಡಿ ನಮ್ಮ ಎರಡೂ ತಾಲ್ಲೂಕಿನ ರೈತರಿಗೆ ಬೇಕಾದ ಸಂಗತಿ. ಹಿಪ್ಪುನೇರಳೆ ಸೊಪ್ಪು ಬೆಳೆಯುವುದು ಕೃಷಿ. ಆ ಸೊಪ್ಪು ತಿನ್ನಿಸಿ ಹುಳು ಸಾಕಿ ಗೂಡು ಮಾರುವುದು ಕೃಷಿ ಆದಾಯವಲ್ಲ ಎಂದು ಸುಪ್ರೀಂ ಕೋರ್ಟ್ 1990ರ ದಶಕದ ಕೊನೆಯಲ್ಲಿ ತೀರ್ಪು ಕೊಟ್ಟಿದೆ. ಗೂಡು ಸೊಪ್ಪಿನ ಉತ್ಪನ್ನವಲ್ಲ, ಹುಳುವಿನ ಉತ್ಪನ್ನ ಎಂಬುದು ವಾದದ ತಿರುಳು. ಮನೆ ಮಂದಿಯೆಲ್ಲ ರಾತ್ರಿ ಎದ್ದು ಹುಳುವಿಗೆ ಸೊಪ್ಪು ಹಾಕುವವರಿಗೆ ಈ ವ್ಯತ್ಯಾಸ ವಿಚಿತ್ರವಾಗಿ ಕಾಣಬಹುದು. ಹಾಲು ಮಾರಿದ ಹಣವೂ ಹೀಗೆಯೇ, ಡೇರಿಗೆ ಹಾಕಿದ್ದು ಕೃಷಿ ಆದಾಯಕ್ಕೆ ಸೇರದು.

ಪಿಂಚಣಿಯ ಜೊತೆ ಹುಳು ಮನೆಯೂ ಇದ್ದರೆ ಅದರ ಲಾಭವನ್ನು ಸೇರಿಸಿಯೇ 15ಎಚ್‌ನ ಒಟ್ಟು ಆದಾಯ ಬರೆಯಬೇಕು. ಆಗ ಸರಳವಾದ ‘ಸಹಜ್’ ರಿಟರ್ನ್ ನಡೆಯುವುದಿಲ್ಲ. ಬರೀ ಬೇಸಾಯದ ಆದಾಯವಿದ್ದರೂ ಅದು 5,000 ದಾಟಿದರೆ ಸಹಜ್ ಬಿಟ್ಟು ಬೇರೆ ನಮೂನೆಗೆ ಹೋಗಬೇಕು.

◆ ಗಂಡ ತನ್ನ ನಿವೃತ್ತಿಯ ಹಣವನ್ನು ಹೆಂಡತಿಯ ಹೆಸರಿಗೆ ಎಫ್‌ಡಿ ಮಾಡಿದರೆ ಬಡ್ಡಿ ಗಂಡನ ಲೆಕ್ಕಕ್ಕೇ ಬರುತ್ತದೆ. ಮಗ ಅವ್ವನಿಗೆ ನಿಜವಾಗಿಯೂ ಕೊಟ್ಟ ಹಣದ ಬಡ್ಡಿ ಅವ್ವನದೇ, ಮಗನಿಗೆ ಸೇರುವುದಿಲ್ಲ. ಕೊಟ್ಟ ಮೇಲೆ ಅದು ಅವ್ವನ ಹಣ ಎಂಬುದನ್ನು ಸೊಸೆಯೂ ಒಪ್ಪಿರಬೇಕು, ಅಷ್ಟೆ.

◆ ಜಂಟಿ ಎಫ್‌ಡಿಯಲ್ಲಿ ಟಿಡಿಎಸ್ ಹಿಡಿಯುವುದು ಮೊದಲ ಹೆಸರಿನವರ ಪ್ಯಾನ್‌ಗೆ. ಕೆಲಸದಲ್ಲಿರುವ ಮಗನ ಹೆಸರು ಮೊದಲು, ಅಪ್ಪನದು ಆಮೇಲೆ ಇದ್ದರೆ ಅಪ್ಪನ 15ಎಚ್ ಉಪಯೋಗಕ್ಕೆ ಬರದು.

◆ ಐದು ವರ್ಷಕ್ಕೊಮ್ಮೆ ಬಡ್ಡಿ ಕೊಡುವ ಎಫ್‌ಡಿಯಲ್ಲೂ ಟಿಡಿಎಸ್ ಪ್ರತಿ ವರ್ಷ ಹಿಡಿಯುತ್ತಾರೆ. ಬಡ್ಡಿ ಕೈಗೆ ಬಂದಿಲ್ಲದಿದ್ದರೂ ಲೆಕ್ಕದಲ್ಲಿ ಬಂದಾಗಿರುತ್ತದೆ. ‘ಮೆಚೂರಿಟಿ ವರ್ಷ 15ಎಚ್ ಕೊಟ್ಟರಾಯಿತು’ ಎಂದು ಕುಳಿತವರಿಗೆ ಕಡೆಯಲ್ಲಿ ಹೇಳಿದ್ದಕ್ಕಿಂತ ಕಮ್ಮಿ ಹಣ ಬರುವುದು ಇದರಿಂದಲೇ.

◆ ಪಿಂಚಣಿ ಬಾಕಿ ಹಲವು ವರ್ಷದ್ದು ಒಟ್ಟಿಗೆ ಬಂದು ಆ ಒಂದು ವರ್ಷ ತೆರಿಗೆ ಬಿದ್ದರೆ, ಹಿಂದಿನ ವರ್ಷಗಳಿಗೆ ಹಂಚಿ ಪರಿಹಾರ ಕೇಳಬಹುದು. ರಿಟರ್ನ್‌ಗೆ ಮೊದಲು ನಮೂನೆ 10ಇ ಸಲ್ಲಿಸಿರಬೇಕು. ಮರೆತರೆ ಪರಿಹಾರ ತಿರಸ್ಕೃತ.

◆ ಎಪ್ಪತ್ತೈದು ತುಂಬಿದವರಿಗೆ ರಿಟರ್ನ್‌ನಿಂದಲೇ ವಿನಾಯಿತಿ ಉಂಟು, ಆದರೆ ಪಿಂಚಣಿಯೂ ಬಡ್ಡಿಯೂ ಒಂದೇ ಬ್ಯಾಂಕಿನಲ್ಲಿರಬೇಕು. ಪಿಂಚಣಿ ಎಸ್‌ಬಿಐನಲ್ಲಿ, ಠೇವಣಿ ಡಿಸಿಸಿ ಬ್ಯಾಂಕಿನಲ್ಲಿ ಅಂದರೆ ಈ ಸೌಲಭ್ಯವಿಲ್ಲ. ನಮ್ಮ ಕಡೆ ಒಂದೇ ಬ್ಯಾಂಕನ್ನು ನಂಬಿ ಕೂತ ಹಿರಿಯರು ಅಪರೂಪ.

◆ ಗೃಹಲಕ್ಷ್ಮಿ ಯೋಜನೆಗೆ ಚಾಲನೆ ಸಿಕ್ಕಿದ್ದು 2023ರ ಆಗಸ್ಟ್ 30ರಂದು ಮೈಸೂರಿನಲ್ಲೇ. ಮನೆಯ ಯಜಮಾನಿ ಅಥವಾ ಆಕೆಯ ಗಂಡ ಆದಾಯ ತೆರಿಗೆ ಪಾವತಿಸುವವರಾದರೆ ತಿಂಗಳ 2,000 ಇಲ್ಲ ಎಂಬುದು ಅದರ ನಿಯಮ. ಆ ಭಯಕ್ಕೆ ‘ರಿಟರ್ನ್ ಸಲ್ಲಿಸಿದರೆ ಗೃಹಲಕ್ಷ್ಮಿ ಹೋಗುತ್ತದೆ, ರೇಷನ್ ಕಾರ್ಡೂ ಹೋಗುತ್ತದೆ’ ಎಂಬ ಮಾತು ಊರೂರಲ್ಲಿ ಹಬ್ಬಿ, ಟಿಡಿಎಸ್ ಹಣ ವಾಪಸ್ ಕೇಳಲೂ ಜನ ಹಿಂಜರಿಯುತ್ತಾರೆ. ರಿಟರ್ನ್ ಸಲ್ಲಿಸುವುದು ಬೇರೆ, ತೆರಿಗೆ ಕಟ್ಟುವುದು ಬೇರೆ. ಸೊನ್ನೆ ತೆರಿಗೆಯ ರಿಟರ್ನ್ ಎಂದರೆ ‘ನಾನು ತೆರಿಗೆ ಕಟ್ಟಬೇಕಿಲ್ಲ’ ಎಂಬುದಕ್ಕೆ ದಾಖಲೆ. ಏಪ್ರಿಲ್‌ನಲ್ಲೇ 15ಎಚ್ ಕೊಟ್ಟಿದ್ದರೆ ಈ ಗೊಂದಲಕ್ಕೆ ಕಾಲಿಡುವ ಪ್ರಮೇಯವೇ ಇರುತ್ತಿರಲಿಲ್ಲ.

◆ ಆದಾಯ 4 ಲಕ್ಷ ದಾಟಿದರೆ ತೆರಿಗೆ ಸೊನ್ನೆಯಾದರೂ ರಿಟರ್ನ್ ಕಡ್ಡಾಯ. 15ಎಚ್ ಕೊಟ್ಟವರಿಗೂ.

◆ ಹಿರಿಯರ ಟಿಡಿಎಸ್ ವರ್ಷಕ್ಕೆ 50,000 ಮುಟ್ಟಿದರೆ, ಆದಾಯ ಎಷ್ಟೇ ಇರಲಿ, ರಿಟರ್ನ್ ಸಲ್ಲಿಸಬೇಕು.

◆ ಮೈಸೂರು ಸಂಸ್ಥಾನಕ್ಕೆ ತನ್ನದೇ ಆದಾಯ ತೆರಿಗೆ ಕಾಯ್ದೆ ಇತ್ತು, 1923ರದ್ದು. ಭಾರತದ ಕಾಯ್ದೆ ಇಲ್ಲಿಗೆ ಬಂದದ್ದು 1950ರ ಏಪ್ರಿಲ್ 1ರಿಂದ. ಈಗ 1961ರ ಕಾಯ್ದೆಯೂ ಹಳೆಯದಾಯಿತು. 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ. ‘ಅಸೆಸ್‌ಮೆಂಟ್ ಇಯರ್’ ಹೋಗಿ ‘ತೆರಿಗೆ ವರ್ಷ’ ಬಂತು, ಸೆಕ್ಷನ್‌ಗಳಿಗೂ ನಮೂನೆಗಳಿಗೂ ಹೊಸ ಸಂಖ್ಯೆ. ಮನೆಯಲ್ಲಿ ಉಳಿದ ಹಳೇ 15ಎಚ್‌ನ ಜೆರಾಕ್ಸ್ ತುಂಬಿಕೊಂಡು ಹೋಗಬೇಡಿ. ‘15ಎಚ್ ಬದಲಿಗೆ ಈಗ ಯಾವುದು?’ ಎಂದು ಕೌಂಟರಿನಲ್ಲಿ ಕೇಳಿ, ಅವರು ಕೊಟ್ಟದ್ದನ್ನೇ ತುಂಬಿ.

◆ ಹಿಡಿದ ಹಣ ನಿಮ್ಮ ಹೆಸರಿನಲ್ಲಿ ಜಮೆಯಾಗಿದೆಯೇ ಎಂದು ನೋಡುವುದು 26ಎಎಸ್ ಎಂಬ ಪಟ್ಟಿಯಲ್ಲಿ. ಇಲಾಖೆಯ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ರಿಟರ್ನ್ ಸಲ್ಲಿಸುವುದೂ ಪುಕ್ಕಟೆ. ದುಡ್ಡು ಕೊಡುವುದು ತುಂಬಿಕೊಡುವವರ ಶ್ರಮಕ್ಕೆ. ಆ ಶ್ರಮಕ್ಕೆ ರಿಫಂಡಿನಲ್ಲಿ ಪಾಲು ಕೇಳುವವರ ಅಂಗಡಿಗೆ ಹೋಗಬೇಡಿ. ಇಲ್ಲದ ಖರ್ಚು, ಕೊಡದ ದೇಣಿಗೆ ತೋರಿಸಿ ರಿಫಂಡ್ ಹೆಚ್ಚು ಮಾಡಿಕೊಡುತ್ತೇನೆ ಎನ್ನುವವರಿಂದಂತೂ ಮೈಲಿ ದೂರ ಇರಿ, ನೋಟಿಸ್ ಬರುವುದು ನಿಮ್ಮ ಮನೆಗೆ.

◆ ಸಲ್ಲಿಸಿ 30 ದಿನದೊಳಗೆ ಇ-ವೆರಿಫೈ ಮಾಡದಿದ್ದರೆ ಆ ರಿಟರ್ನ್‌ಗೆ ಬೆಲೆಯಿಲ್ಲ. ಆಧಾರ್‌ಗೆ ಜೋಡಿಸಿದ ಮೊಬೈಲು ಮೈಸೂರಿನಲ್ಲಿರುವ ಮಗನ ಹತ್ತಿರ ಇದ್ದರೆ, ಒಟಿಪಿ ಬರುವ ಹೊತ್ತಿಗೆ ಅವನಿಗೊಂದು ಫೋನ್.

◆ ದೇಶದ ಯಾವ ಮೂಲೆಯ ರಿಟರ್ನ್ ಆದರೂ ಲೆಕ್ಕ ಪರಿಶೀಲನೆಯಾಗುವುದು ಬೆಂಗಳೂರಿನ ಕೇಂದ್ರದಲ್ಲಿ. ಕಾಶ್ಮೀರದವರ ರಿಫಂಡೂ ನಮ್ಮ ರಾಜಧಾನಿ ದಾಟಿಯೇ ಹೋಗಬೇಕು.

◆ ಗಡುವು ತಪ್ಪಿದರೆ ಡಿಸೆಂಬರ್ 31ರವರೆಗೆ ತಡವಾಗಿ ಸಲ್ಲಿಸಬಹುದು. ಆದಾಯ ವಿನಾಯಿತಿಯ ಗಡಿಯೊಳಗಿದ್ದರೆ ವಿಳಂಬ ಶುಲ್ಕವೂ ಇಲ್ಲ. ಅದೂ ತಪ್ಪಿತೇ? ಸರಿಯಾದ ಕಾರಣ ಕೊಟ್ಟು, ವಿಳಂಬ ಮನ್ನಿಸಿ ರಿಫಂಡ್ ಕೊಡಿ ಎಂದು ಐದು ವರ್ಷದವರೆಗಿನ ಹಳೆಯ ಹಣಕ್ಕೂ ಅರ್ಜಿ ಹಾಕಬಹುದು. 2024ರ ಅಕ್ಟೋಬರಿನ ಸುತ್ತೋಲೆಯಲ್ಲಿ ಈ ಅವಧಿ ನಿಗದಿಯಾಗಿದೆ. ಹಳೇ ಪಾಸ್‌ಬುಕ್ಕುಗಳನ್ನು ತೂಕಕ್ಕೆ ಹಾಕುವ ಮುನ್ನ ಒಮ್ಮೆ ತಿರುವಿ ಹಾಕಿ.

◆ ರಿಫಂಡ್ ತಡವಾದರೆ ಸರ್ಕಾರ ತಿಂಗಳಿಗೆ ಶೇ ಅರ್ಧದಂತೆ ಬಡ್ಡಿ ಸೇರಿಸಿ ಕೊಡುತ್ತದೆ. ಆ ಬಡ್ಡಿಯನ್ನೂ ಮರೆಯದೆ ಮುಂದಿನ ವರ್ಷದ ಆದಾಯದಲ್ಲಿ ತೋರಿಸಬೇಕು. ಅದಕ್ಕೂ ತೆರಿಗೆ ಉಂಟು.